ಶಿಡ್ಲಘಟ್ಟ ಸೀಮೆಯ ಯುದ್ಧೇತಿಹಾಸ : ಮೂರು ವಿಚಾರಾಂಶಗಳು

ನಂದಿದುರ್ಗದ ಸುತ್ತಣ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ನೆಯ ಇಸವಿಯವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದುವು. ಈಗ ಇವು ಚಿಕ್ಕಬಳ್ಳಾಪುರ ಜಿಲ್ಲೆಯ ಅಂಗಗಳಾಗಿವೆ. ಆಡಳಿತದ ಎಲ್ಲೆಗಳು ಎಷ್ಟು ಸಲ ಬದಲಾದರೂ ಈ ಸೀಮೆಯ ನೆಲದ ಲಕ್ಷಣವು ಬದಲಾಗಲಿಲ್ಲ. ಉತ್ತರದಲ್ಲಿ ಪೆನುಕೊಂಡೆಯ ಕಡೆಯಿಂದಲೂ ಪೂರ್ವದಲ್ಲಿ ತಮಿಳುನಾಡಿನ ಕಣಿವೆಗಳಿಂದಲೂ ಮೈಸೂರಿನ ಮೇಲುಸೀಮೆಗೆ ಏರಿ ಬರುವ ದಾರಿಗಳು ಇಲ್ಲಿ ಸೇರುತ್ತವೆ. ದಾರಿಗಳನ್ನು ಕಾಯಲು ತಕ್ಕ ಕಲ್ಲುಬೆಟ್ಟಗಳು ಹತ್ತಾರು ಇವೆ. ದಂಡಿಗೆ ನೀರನ್ನೂ ಧಾನ್ಯವನ್ನೂ ಒದಗಿಸಬಲ್ಲ ಕೆರೆಗಳು ಊರೂರಿಗೂ ಇವೆ. ಆದುದರಿಂದಲೇ ಗಂಗ, ಬಾಣ, ನೊಳಂಬ, ವೈದುಂಬರ ಕಾಲದಿಂದ ಕಾರನ್‌ವಾಲಿಸನ ಕಾಲದವರೆಗೆ ಸುಮಾರು ಒಂಬತ್ತು ನೂರು ವರ್ಷಗಳಲ್ಲಿ ಈ ಸೀಮೆಯು ಮತ್ತೆ ಮತ್ತೆ ರಣಭೂಮಿಯಾಯಿತು.

ಈ ಯುದ್ಧಗಳನ್ನು ಕುರಿತ ಆಧಾರಗಳು ಒಂದೇ ಬಗೆಯವಲ್ಲ. ಮೊದಲನೆಯ ಕಾಲಕ್ಕೆ ವೀರಗಲ್ಲುಗಳೂ, ನಡುವಣ ಕಾಲಕ್ಕೆ ಪಾಳೆಯಗಾರರ ವಂಶಪರಂಪರೆಯ ಹೇಳಿಕೆಗಳೂ, ಕಡೆಯ ಕಾಲಕ್ಕೆ ಇಂಗ್ಲಿಷ್ ದಳಪತಿಗಳ ದಿನಚರಿಗಳೂ ವರದಿಗಳೂ ಮುಖ್ಯವಾಗಿವೆ. ಈ ಮೂರನ್ನೂ ಒಂದೇ ತೂಕದಲ್ಲಿ ತೂಗಿದುದರಿಂದ ಕೆಲವು ತಪ್ಪು ನಿರ್ಣಯಗಳು ಗ್ರಂಥಗಳಿಗೆ ಸೇರಿ, ಅಲ್ಲಿಂದ ಪಾಠದ ಪುಸ್ತಕಗಳಿಗೂ ಇಳಿದಿವೆ. ಒಂದೊಂದು ಕಾಲದಿಂದ ಒಂದೊಂದು ವಿವಾದಾಂಶವನ್ನು ಆರಿಸಿಕೊಂಡು, ಆಯಾ ಆಧಾರವು ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ಸೋರೆಮಡಿಯ ಕಾಳಗ

ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಈ ತಾಲ್ಲೂಕುಗಳ ಶಾಸನಗಳೆಲ್ಲ ಒಟ್ಟುಗೂಡಿವೆ. ಅದರಲ್ಲಿ ವೀರಗಲ್ಲುಗಳ ಸಂಖ್ಯೆಯು ಗಮನಾರ್ಹವಾದುದು. ಇವುಗಳಲ್ಲಿ ಹೆಚ್ಚಿನವು ತುಱುಗಳನ್ನು ಹಿಡಿದುಕೊಂಡು ಹೋದವರನ್ನು ಬೆನ್ನಟ್ಟಿ ಸತ್ತವರನ್ನೂ, ಊರಳಿವಿನಲ್ಲಿ ಕಾದಿ ಬಿದ್ದವರನ್ನೂ ಸ್ಮರಿಸುತ್ತವೆ. ಅರಸರು ಸ್ವತಃ ಎದುರಾದ ದೊಡ್ಡ ಕಾಳಗಗಳನ್ನು ಹೆಸರಿಸುವ ಕಲ್ಲುಗಳು ಕಡಮೆ. ಅಂಥವುಗಳಲ್ಲಿ ಸೋರೆಮಡಿಯ ಕಾಳಗವನ್ನು ಹೇಳುವ ಕಲ್ಲುಗಳು ಒಂದು ಗುಂಪಾಗಿ ನಿಲ್ಲುತ್ತವೆ. ಗಂಡತ್ರಿಣೇತ್ರನೆಂಬ ಬಿರುದಿನ ವೈದುಂಬ ಅರಸನೂ ಅವನ ಪಕ್ಷದ ಬಾಣರೂ ಒಂದು ಕಡೆಯಲ್ಲಿ, ನೊಳಂಬರೂ ಗಂಗ ರಾಚಮಲ್ಲನೂ ಇನ್ನೊಂದು ಕಡೆಯಲ್ಲಿ ನಿಂತು ಕಾದಿದುದು ಇವುಗಳ ವಿಷಯ.

ಈ ಕಾಳಗದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟಾಗಲು ಕಾರಣವು ಸ್ಪಷ್ಟವಾಗಿದೆ. ಇಂಥ ಕಲ್ಲುಗಳು ಸಾಮಾನ್ಯವಾಗಿ ಶಕವರ್ಷವನ್ನು ಹೇಳುವುದಿಲ್ಲ. ಅವು ಹೇಳುವುದು ಹೆಸರುಗಳನ್ನು. ಗಂಗರಲ್ಲಿ ರಾಚಮಲ್ಲನೆಂಬ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ. ನೊಳಂಬರಲ್ಲಿ ಮಹೇಂದ್ರನೆಂಬ ಹೆಸರು ಮರುಕಳಿಸುತ್ತದೆ. ಗಂಡತ್ರಿಣೇತ್ರನೆಂಬುದು ಹೆಸರಲ್ಲ, ಬಿರುದು; ಬಿರುದು ತಂದೆಯಿಂದ ಮಗನಿಗೂ ಸಲ್ಲಬಹುದು. ಹೀಗಿರುವಾಗ ಒಂದು ಕಲ್ಲಿನ ಒಂದು ಹೆಸರನ್ನು ಹಿಡಿದು ಕಾಲವನ್ನು ನಿರ್ಣಯಿಸಿದರೆ ಇನ್ನೊಂದು ಕಲ್ಲಿನ ಹೆಸರು ಅದಕ್ಕೆ ಹೊಂದದೆ ಹೋಗುವುದು ಸಹಜ. ಲಿಪಿಯ ಸ್ವರೂಪ, ಒಟ್ಟಿಗೆ ಬರುವ ಅರಸರ ಸಮಕಾಲೀನತೆ ಇವೆರಡನ್ನೂ ಕೂಡಿಸಿ ನೋಡಿದವರು ಕ್ರಿ. ಶ. ಒಂಬತ್ತನೆಯ ಶತಮಾನದ ಉತ್ತರಾರ್ಧವನ್ನು ಸೂಚಿಸಿರುವರು. ಒಂದು ಇಸವಿಯನ್ನು ಗೊತ್ತುಮಾಡುವುದಕ್ಕಿಂತ ಈ ಬಗೆಯ ಅವಧಿಯನ್ನು ಒಪ್ಪುವುದೇ ಯುಕ್ತವೆಂದು ತೋರುತ್ತದೆ.

ಇದೇ ತೊಡಕು ಇನ್ನೂ ಪ್ರಸಿದ್ಧವಾದ ಬೇಗೂರಿನ ಕಲ್ಲಿನಲ್ಲಿಯೂ ಉಂಟು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ಆನೆಗಳೊಡನೆ ನಡೆಯುವ ಕಾಳಗದ ಚಿತ್ರವನ್ನು ಕಾಣದ ವಿದ್ಯಾರ್ಥಿಗಳು ವಿರಳ. ಎಱೆಯಪ್ಪನ ಅಪ್ಪಣೆಯಂತೆ ನಾಗತ್ತರನು ಅಯ್ಯಪದೇವನಿಗೆ ನೆರವಾಗಿ ಹೋಗಿ, ತುಂಬೆಪಾಡಿಯಲ್ಲಿ ಬೀರಮಹೇಂದ್ರನೊಡನೆ ಕಾದಿ ಸತ್ತನು. ಅನಂತರ ಇಱುಗನಿಗೆ ನಾಗತ್ತರ ಪಟ್ಟವೂ ಬೇಂಪೂರು ಹನ್ನೆರಡೂ ದೊರೆತುವು. ಈ ಬೀರಮಹೇಂದ್ರನು ಯಾರು? ನೊಳಂಬರಲ್ಲಿ ಮಹೇಂದ್ರನಿದ್ದುದರಿಂದ ಅವನೇ ಎಂದು ಹೇಳುವುದು ಸುಲಭ. ಆದರೆ ಅಯ್ಯಪದೇವನೇ ನೊಳಂಬನೂ ಮಹೇಂದ್ರನ ಮಗನೂ ಆಗಿರುವಾಗ, ತಂದೆಯ ಮೇಲೆ ಮಗನಿಗೆ ಗಂಗರು ನೆರವನ್ನು ಕಳುಹಿಸಿದರೆಂದು ಹೇಳಬೇಕಾಗುವುದು. ಆದುದರಿಂದ ಬೀರಮಹೇಂದ್ರನು ವೇಂಗಿಯ ಚಾಲುಕ್ಯ ಅರಸನೆಂಬ ಮತವು ಹುಟ್ಟಿತು. ಹೆಸರಿನ ಸಾಮ್ಯಕ್ಕಿಂತ ಪಕ್ಷಗಳ ಸಂಬಂಧವು ಹೆಚ್ಚು ಬಲವಾದ ಆಧಾರವೆಂಬುದಕ್ಕೆ ಇದೊಂದು ನಿದರ್ಶನ.

ವೀರಗಲ್ಲುಗಳಿಂದ ಸೈನ್ಯದ ಸಂಖ್ಯೆಯನ್ನಾಗಲಿ, ವ್ಯೂಹರಚನೆಯನ್ನಾಗಲಿ, ಕಡೆಗೆ ಯಾರು ಗೆದ್ದರೆಂಬುದನ್ನಾಗಲಿ ತಿಳಿಯುವುದು ಕಷ್ಟ. ಸತ್ತವನ ಕಡೆಯವರು ನಿಲ್ಲಿಸಿದ ಕಲ್ಲು ಅವನ ಪಕ್ಷವು ಸೋತುದನ್ನು ಹೇಳದು. ಆದರೆ ಒಂದು ವಿಷಯದಲ್ಲಿ ಇವುಗಳಿಗೆ ಸಮಾನವಾದ ಆಧಾರವು ಬೇರೊಂದಿಲ್ಲ. ಸೈನ್ಯವು ಹೇಗೆ ಕೂಡುತ್ತಿತ್ತೆಂಬುದನ್ನು ಇವು ತಿಳಿಸುತ್ತವೆ. ಅರಸನು ಸಾಮಂತನಿಗೂ, ಸಾಮಂತನು ನಾಡಿನ ಒಡೆಯನಿಗೂ, ಅವನು ತನ್ನ ಊರಾಳಿಗೂ ಹೇಳಿಕಳುಹಿಸಿದ ಕ್ರಮವು ಕಲ್ಲಿನ ವಾಕ್ಯರಚನೆಯಲ್ಲಿಯೇ ಕಾಣಬರುತ್ತದೆ. ಸತ್ತವನ ಮನೆಯವರಿಗೆ ಕಲ್ನಾಡನ್ನೂ ಬಾಳ್ಗಚ್ಚನ್ನೂ ಬಿಟ್ಟುದು ಈ ಒಪ್ಪಂದದ ಇನ್ನೊಂದು ಮುಖ. ಪಂಪ ರನ್ನರ ಕಾವ್ಯಗಳಲ್ಲಿ ಬರುವ ಜೋಳವಾಳಿ ವೇಳೆವಾಳಿಗಳ ಮಾತನ್ನು ಕೇವಲ ಕವಿಸಮಯವೆಂದು ತಿಳಿದವರು ಈ ಕಲ್ಲುಗಳನ್ನು ಓದಿದಲ್ಲಿ, ಅನ್ನದ ಋಣವೆಂಬುದು ಆ ಕಾಲದಲ್ಲಿ ನೆಲದ ಅಳತೆಯಿಂದ ತೀರುತ್ತಿದ್ದ ಋಣವೆಂಬುದನ್ನು ಅರಿಯುವರು.

2. ಶಿಡ್ಲಘಟ್ಟದ ಇಸವಿಗಳು

ಎರಡನೆಯ ವಿಚಾರವು ಶಿಡ್ಲಘಟ್ಟದ ಕೋಟೆಗೆ ಸಂಬಂಧಿಸಿದುದು. ಗೆಜೆಟಿಯರುಗಳಿಂದ ಹರಿದುಬಂದಿರುವ ಹೇಳಿಕೆಯು ಹೀಗಿದೆ: ಸುಮಾರು 1524ರಲ್ಲಿ ಅಬ್ಲೂಡಿನ ಶಿವನೇಗೌಡನ ಮನೆತನದಿಂದ ಈ ಊರು ಸ್ಥಾಪಿತವಾಯಿತು, ಅಲಸೂರಮ್ಮನ ಹೆಸರೂ ಇದರೊಡನೆ ಸೇರಿದೆ. ಆ ಮನೆತನವು 87 ವರ್ಷ ಆಳಿತು. ಬಳಿಕ ಮಹಾರಾಷ್ಟ್ರರು ಊರನ್ನು ಹಿಡಿದು 45 ವರ್ಷ ಇಟ್ಟುಕೊಂಡರು. ಅವರಿಂದ ಮೊಗಲರು ಕಿತ್ತುಕೊಂಡರು. ಮಹಾರಾಷ್ಟ್ರರು ಪುನಃ ವಶಪಡಿಸಿಕೊಂಡು ಚಿಕ್ಕಬಳ್ಳಾಪುರದ ಅಣ್ಣೇಗೌಡನಿಗೆ ಮಾರಿದರು.

ಘಟನೆಗಳ ಈ ಕ್ರಮದಲ್ಲಿ ಆಕ್ಷೇಪಿಸತಕ್ಕುದೇನೂ ಇಲ್ಲ. ಲೆಕ್ಕವನ್ನು ಮಾಡಿ ನೋಡಿದರೆ ಮಾತ್ರ ತೊಡಕು ಕಾಣುತ್ತದೆ. 1524ಕ್ಕೆ 87ನ್ನು ಕೂಡಿಸಿದರೆ 1611. ಆ ವರ್ಷ ಪೆನುಕೊಂಡೆ ಚಂದ್ರಗಿರಿಗಳ ರಾಜ್ಯವು ಇಮ್ಮಡಿ ವೆಂಕಟಪತಿರಾಯನದು. ಅವನು 1614ರವರೆಗೆ ಜೀವಿಸಿದ್ದನು. ಮಹಾರಾಷ್ಟ್ರರಲ್ಲಿ ಈ ಸೀಮೆಗೆ ಮೊದಲು ಬಂದ ಷಹಾಜಿಯು 1594ರಲ್ಲಿ ಹುಟ್ಟಿದವನು; 1611ರಲ್ಲಿ ಅವನಿನ್ನೂ ಹದಿನೇಳು ವರ್ಷದ ಹುಡುಗ. ಬಿಜಾಪುರದ ರಣದುಲ್ಲಾಖಾನನೊಡನೆ ಅವನು ಕರ್ನಾಟಕಕ್ಕೆ ಇಳಿದು, ಕೆಂಪೇಗೌಡನ ವಂಶದವರಿಂದ ಬೆಂಗಳೂರು ಕೈಬಿಟ್ಟುದು 1638ರಲ್ಲಿ. ಅನಂತರ ಬೆಂಗಳೂರು, ಹೊಸಕೋಟೆ, ಕೋಲಾರ, ಬಳ್ಳಾಪುರಗಳು ಅವನ ಜಹಗೀರಿಗೆ ಸೇರಿದುವು. ಕೋಲಾರಕ್ಕೂ ಬಳ್ಳಾಪುರಕ್ಕೂ ನಡುವೆ ಇರುವ ಶಿಡ್ಲಘಟ್ಟವು ಇದಕ್ಕಿಂತ ಮುಂಚೆ ಮಹಾರಾಷ್ಟ್ರರ ಕೈಸೇರಿತೆಂಬುದು ಅಸಂಭವ.

ಮುಂದಿನ ಅಂಕೆಯೂ ಹಾಗೆಯೇ. 1611ಕ್ಕೆ 45ನ್ನು ಕೂಡಿಸಿದರೆ 1656. ಆಗ ಬಿಜಾಪುರದ ಸುಲ್ತಾನಿಕೆಯು ನಿಂತೇ ಇತ್ತು. ಅದು ಔರಂಗಜೇಬನಿಗೆ ಶರಣಾದುದು 1686ರಲ್ಲಿ. ಖಾಸಿಂಖಾನನು ಬಂದು ಶಿರಾ ಸುಬಾ ಏರ್ಪಟ್ಟುದು 1687ರಲ್ಲಿ. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ ಪರಗಣೆಗಳು ಆ ಸುಬಾಕ್ಕೆ ಸೇರಿದುವು. ಆದುದರಿಂದ ಮೊಗಲರು ಶಿಡ್ಲಘಟ್ಟವನ್ನು ಕಿತ್ತುಕೊಂಡ ಕಾಲವು 1687ರ ಆಸುಪಾಸಿನದೇ ಆಗಿರಬೇಕು.

ಈ ಎರಡು ವ್ಯತ್ಯಾಸಗಳೂ ಹೆಚ್ಚುಕಡಮೆ ಸಮಾನವಾಗಿರುವುದು ಗಮನಾರ್ಹ. ಮೊದಲನೆಯದು 27 ವರ್ಷ, ಎರಡನೆಯದು 31 ವರ್ಷ. ಹಾಗೆಂದರೆ ಮಹಾರಾಷ್ಟ್ರರ ಆಳ್ವಿಕೆಗೆ ಹೇಳಿರುವ 45 ವರ್ಷಗಳ ಅವಧಿಯು ನಂಬತಕ್ಕುದಾಗಿದೆ. 1638ರಿಂದ 1687ರವರೆಗೆ 49 ವರ್ಷ. ಷಹಾಜಿಯ ಅಧಿಕಾರವು ಬೆಂಗಳೂರಿನಿಂದ ಈ ಕಡೆಗೆ ಹಬ್ಬಲು ನಾಲ್ಕಾರು ವರ್ಷ ಹಿಡಿದಿದ್ದರೆ ಲೆಕ್ಕವು ಸರಿಯಾಗಿ ಕೂಡುತ್ತದೆ. ದೋಷವಿರುವುದು ಇದಕ್ಕೆ ಹಿಂದೆ: ಸ್ಥಾಪನೆಯ ಇಸವಿಯಲ್ಲಿ ಅಥವಾ 87 ವರ್ಷಗಳೆಂಬ ಅಂಕೆಯಲ್ಲಿ.

ಇಂಥ ಕಡೆಗಳಲ್ಲಿ ಸಂವತ್ಸರಚಕ್ರದ ಭ್ರಾಂತಿಯನ್ನು ಹೇಳುವುದು ವಾಡಿಕೆ. ವಂಶಾವಳಿಗಳಲ್ಲಿ ಸಂವತ್ಸರದ ಹೆಸರು ಮಾತ್ರ ಉಳಿದು ಶಕವರ್ಷವು ಅಳಿದಿದ್ದಲ್ಲಿ, ಲೆಕ್ಕ ಹಾಕುವವನು ಒಂದು ಚಕ್ರ ಹಿಂದೆ ಅಥವಾ ಮುಂದೆ ಹೋಗುವುದುಂಟು. ಆದರೆ ಆ ತಪ್ಪು 60 ವರ್ಷದ್ದಾಗಬೇಕೇ ಹೊರತು 30ರದಲ್ಲ. 1524ನೆಯ ಇಸವಿಯು ತಾರಣ ಸಂವತ್ಸರ. ಮುಂದಿನ ತಾರಣವು 1584ರಲ್ಲಿ ಬರುತ್ತದೆ. ಅದನ್ನು ಹಿಡಿದರೆ 87 ವರ್ಷಗಳು 1671ಕ್ಕೆ ಮುಗಿದು, ಮಹಾರಾಷ್ಟ್ರರಿಗೆ ಹದಿನಾರೇ ವರ್ಷ ಉಳಿಯುವುದು. ಆದುದರಿಂದ ಈ ಸಮಾಧಾನವು ಇಲ್ಲಿ ಸಲ್ಲದು.

ಉಳಿಯುವ ಪಕ್ಷಗಳು ಎರಡು. 87ನ್ನು ನಂಬಿದರೆ ಊರಿನ ಸ್ಥಾಪನೆಯು 1551ರಿಂದ 1555ರ ಒಳಗೆ, ಅಂದರೆ ಸದಾಶಿವರಾಯನ ಕಾಲಕ್ಕೆ ಬರುತ್ತದೆ. 1524ನ್ನು ನಂಬಿದರೆ, ಅದು ಕೃಷ್ಣದೇವರಾಯನ ಕಾಲವಾಗಿ, ಗೌಡರ ಆಳ್ವಿಕೆಯು 114 ವರ್ಷಗಳಷ್ಟಾಗುತ್ತದೆ. ಎರಡನೆಯ ಪಕ್ಷಕ್ಕೆ ಒಂದು ಅನುಕೂಲವುಂಟು. ವಂಶಾವಳಿಗಳು ಆಳಿದವರ ವರ್ಷಗಳನ್ನು ಒಬ್ಬೊಬ್ಬರದಾಗಿ ಕೂಡಿಸುತ್ತ ಬರುವುವು. ನಡುವೆ ಒಬ್ಬನ ಹೆಸರು ಬಿಟ್ಟುಹೋದರೆ ಮೊತ್ತದಲ್ಲಿ ಸುಮಾರು ಒಂದು ತಲೆಮಾರು ಕಡಮೆಯಾಗುವುದು. ಇಲ್ಲಿ ಕಡಮೆಯಾಗಿರುವ 27 ವರ್ಷಗಳು ಒಂದು ತಲೆಮಾರಿಗೆ ಸರಿಹೋಗುತ್ತವೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಕಾಲವನ್ನು ಹೇಳುವ ಶಾಸನವೊಂದೇ ಇದನ್ನು ತೀರ್ಮಾನಿಸಬಲ್ಲುದು. ಅಲ್ಲಿಯವರೆಗೆ 1524, 87, 45 ಈ ಮೂರು ಅಂಕೆಗಳನ್ನು ಒಂದರ ಮುಂದೊಂದು ಬರೆದು ಮೂರನ್ನೂ ಸಮನಾಗಿ ನಂಬುವುದು ಸಾಧುವಲ್ಲ.

ಕೋಟೆಯನ್ನು ಮಾರಿದರೆಂಬ ಮಾತನ್ನು ಕೆಲವರು ಐತಿಹ್ಯದ ಅತಿಶಯೋಕ್ತಿಯೆಂದು ಭಾವಿಸಬಹುದು. ಅದು ಹಾಗಲ್ಲ. ಖಾಸಿಂಖಾನನು 1687ರಲ್ಲಿ ಹಿಡಿದ ಬೆಂಗಳೂರನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿಗೆ ಪಡೆದುದು ಪ್ರಸಿದ್ಧವಾಗಿದೆ. ದೂರದ ಠಾಣ್ಯದಲ್ಲಿ ದಂಡನ್ನಿಟ್ಟು ಸಾಕುವ ವೆಚ್ಚವು ಅಲ್ಲಿಯ ಹುಟ್ಟುವಳಿಯನ್ನು ಮೀರಿದಾಗ, ಅದನ್ನು ನೆರೆಯವನಿಗೆ ಹಣಕ್ಕೆ ಬಿಡುವುದು ಆ ಕಾಲದ ಯುದ್ಧನೀತಿಯ ಒಂದು ಅಂಗವಾಗಿದ್ದಿತು. ಕೊಂಡವನಿಗೆ ದೊರೆಯುತ್ತಿದ್ದುದು ಕೋಟೆಯ ಗೋಡೆಗಿಂತ ಹೆಚ್ಚಾಗಿ ಅದರ ಸುತ್ತಣ ಹಳ್ಳಿಗಳ ಕಂದಾಯ.

3. ನಂದಿದುರ್ಗದ ಎರಡು ಪತನಗಳು

ಮೂರನೆಯ ವಿಚಾರವು ನಂದಿದುರ್ಗದ್ದು. ಸಮುದ್ರಮಟ್ಟದಿಂದ 4,851 ಅಡಿ ಎತ್ತರವಿರುವ ಈ ಬೆಟ್ಟದ ಮುಕ್ಕಾಲು ಪಾಲು ಹತ್ತಲಾಗದ ಬಂಡೆ. ಹತ್ತಬಹುದಾದ ಮಗ್ಗುಲಿಗೆ ಎರಡು ಗೋಡೆಗಳೂ ಬಾಗಿಲನ್ನು ಮರೆಮಾಡುವ ಹೊರಕೋಟೆಯೂ ಇದ್ದುವು. ಈ ದುರ್ಗವು ಮೂವತ್ತು ವರ್ಷಗಳೊಳಗೆ ಎರಡು ಸಲ ಶತ್ರುವಶವಾಯಿತು.

ಮೊದಲನೆಯ ಸಲ, 1762ರಲ್ಲಿ, ಹೈದರಲ್ಲಿಯು ಚಿಕ್ಕಬಳ್ಳಾಪುರದ ಪಾಳೆಯಗಾರನ ಮೇಲೆ ಬಂದನು. ಗುತ್ತಿಯ ಮುರಾರಿರಾಯನು ಪಾಳೆಯಗಾರನಿಗೆ ನೆರವಾದನು. ಹೈದರನು ಹಣದ ಒಪ್ಪಂದವನ್ನು ಮಾಡಿಕೊಂಡು ಹಿಂದಿರುಗಿದೊಡನೆಯೇ ಪಾಳೆಯಗಾರನು ಊರನ್ನು ಮುರಾರಿರಾಯನ ದಂಡಿಗೆ ಒಪ್ಪಿಸಿ, ತಾನು ನಂದಿದುರ್ಗವನ್ನು ಏರಿ ಕುಳಿತನು. ಹೈದರನು ಮರಳಿ ಬಂದು ಊರನ್ನು ಹಿಡಿದು, ಮುರಾರಿರಾಯನನ್ನು ಸೋಲಿಸಿ, ಗುಡಿಬಂಡೆ ಪೆನುಕೊಂಡೆಗಳವರೆಗೂ ಮುಂದುವರಿದನು. ನಂದಿಯ ಮೇಲೆ ಮಾತ್ರ ಅವನು ಲಗ್ಗೆ ಹತ್ತಲಿಲ್ಲ. ಬೆಟ್ಟದ ಸುತ್ತ ದಂಡನ್ನಿಟ್ಟು ದಾರಿಗಳನ್ನು ಕಟ್ಟಿದನು. ನೆರವು ಬರುವ ಆಸೆಯು ಅಡಗಿದ ಮೇಲೆ ದುರ್ಗವು ತಾನಾಗಿ ಶರಣಾಯಿತು.

ಎರಡನೆಯ ಸಲ, 1791ರಲ್ಲಿ, ಕಾರನ್‌ವಾಲಿಸನ ದಂಡು ಬಂದಿತು. ಮಾರ್ಚಿ ತಿಂಗಳಲ್ಲಿ ಬೆಂಗಳೂರನ್ನು ಹಿಡಿದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಯಿಂದ ಎತ್ತುಗಳೂ ಆಹಾರವೂ ಇಲ್ಲದೆ ಹಿಂದಿರುಗಿದ ಆ ದಂಡಿಗೆ, ನಿಜಾಮನ ಸೀಮೆಯಿಂದಲೂ ಕಣಿವೆಯ ಕೆಳಗಿನಿಂದಲೂ ಬರುವ ದಾರಿಗಳನ್ನು ಸುರಕ್ಷಿತವಾಗಿಡುವುದು ಅನಿವಾರ್ಯವಾಗಿದ್ದಿತು. ಆದುದರಿಂದ ಮೇಜರ್ ಗೌಡಿಯು ಮೊದಲು ಈಗಿನ ಚಿಂತಾಮಣಿ ತಾಲ್ಲೂಕಿನ ರಹಮಾನ್‌ಘಡವನ್ನು ಹಿಡಿದನು, ಅಂಬಾಜಿದುರ್ಗವೂ ವಶವಾಯಿತು. ಬಳಿಕ ಸೆಪ್ಟೆಂಬರ್ ತಿಂಗಳ ಕೊನೆಯ ಭಾಗದಲ್ಲಿ ನಂದಿಯ ಮುತ್ತಿಗೆಯು ಮೊದಲಾಯಿತು. ಟಿಪ್ಪೂ ಸುಲ್ತಾನನ ಪರವಾಗಿ ಲುತ್ಫ್ ಅಲಿ ಬೇಗನು ದುರ್ಗವನ್ನು ಕಾಯುತ್ತಿದ್ದನು. ಇಳಿಜಾರಿನಲ್ಲಿ ದಾರಿಯನ್ನು ಕಡಿದು, ಆನೆಗಳ ಸಹಾಯದಿಂದ ಫಿರಂಗಿಗಳನ್ನು ಮೇಲಕ್ಕೆ ಸಾಗಿಸಿ, ಹೊರಗೋಡೆಯಲ್ಲಿ ಎರಡು ಬಿರುಕುಗಳನ್ನು ಮಾಡಿ, ಸುಮಾರು ಮೂರು ವಾರಗಳ ಮೇಲೆ, ಅಕ್ಟೋಬರ್ 18–19ರ ರಾತ್ರಿ ಜನರಲ್ ಮೆಡೋಸನ ನೇತೃತ್ವದಲ್ಲಿ ಲಗ್ಗೆಯಾಯಿತು.

ಒಂದೇ ದುರ್ಗವು ಹೈದರನಿಗೆ ಹಸಿವಿನಿಂದಲೂ ಇಂಗ್ಲಿಷರಿಗೆ ಲಗ್ಗೆಯಿಂದಲೂ ಸಾಧ್ಯವಾದುದೇಕೆ ಎಂಬುದು ಚರ್ಚಾಸ್ಪದವಾಗಿದೆ. ಇಂಗ್ಲಿಷ್ ಗ್ರಂಥಕರ್ತರು ಇದಕ್ಕೆ ತಮ್ಮ ಸೈನಿಕರ ಶೌರ್ಯವನ್ನು ಕಾರಣವಾಗಿ ಹೇಳಿರುವರು. ಶೌರ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅವರದೇ ವರ್ಣನೆಯನ್ನು ಗಮನವಿಟ್ಟು ಓದಿದಲ್ಲಿ, ಹೆಚ್ಚು ದಿನಗಳು ಕಳೆದುದು ಕಾದಾಟದಲ್ಲಲ್ಲ, ದಾರಿಯನ್ನು ಕಡಿಯುವುದರಲ್ಲಿ ಎಂಬುದು ಸ್ಪಷ್ಟವಾಗುತ್ತದೆ. ನಂದಿಯ ಬಲವೆಲ್ಲ ಅದರ ಎತ್ತರದಲ್ಲಿತ್ತು. ಭಾರವಾದ ಫಿರಂಗಿಯು ಆ ಎತ್ತರಕ್ಕೆ ಏರಲಾರದೆಂಬ ನಂಬಿಕೆಯ ಮೇಲೆ ಗೋಡೆಗಳು ನಿಂತಿದ್ದುವು. ಫಿರಂಗಿಯು ಏರಿದ ಕ್ಷಣದಲ್ಲಿಯೇ ದುರ್ಗದ ಭವಿಷ್ಯವು ಅರ್ಧ ತೀರ್ಮಾನವಾಯಿತು. ಅದೇ ವರ್ಷದ ಡಿಸೆಂಬರ್ 21ರಂದು ಸಾವನದುರ್ಗವೂ ಇದೇ ಕ್ರಮದಲ್ಲಿ ಬಿದ್ದುದು ಈ ಮಾತನ್ನು ದೃಢಪಡಿಸುತ್ತದೆ. ಹೈದರನಿಗೆ ಈ ಉಪಾಯವು ತಿಳಿಯದೆ ಇರಲಿಲ್ಲ, ಅವನಿಗೆ ಅವಸರವಿರಲಿಲ್ಲ. ಇಂಗ್ಲಿಷರಿಗೆ ಬೇಸಗೆಯೊಳಗೆ ಮತ್ತೆ ಶ್ರೀರಂಗಪಟ್ಟಣವನ್ನು ಸೇರಬೇಕಾಗಿದ್ದಿತು. ಮುತ್ತಿಗೆಯ ಬಗೆಯನ್ನು ಗೊತ್ತುಮಾಡಿದುದು ಅವರವರಿಗಿದ್ದ ಕಾಲಾವಕಾಶ.

ಲಗ್ಗೆಯು ಬೆಳುದಿಂಗಳಿನಲ್ಲಿ ನಡೆಯಿತೆಂದು ಆಗಿನ ವರದಿಗಳನ್ನು ಅನುಸರಿಸಿ ಗ್ರಂಥಗಳು ಹೇಳುತ್ತವೆ. ಇದನ್ನು ಗಣಿತದಿಂದ ಪರೀಕ್ಷಿಸಬಹುದು. ಶಕವರ್ಷ 1713ನೆಯ ವಿರೋಧಿಕೃತ್ ಸಂವತ್ಸರದ ಆಶ್ವಯುಜ ಅಮಾವಾಸ್ಯೆಯು 1791ನೆಯ ಅಕ್ಟೋಬರ್ 27ರ ಸುಮಾರಿಗೆ ಬರುತ್ತದೆ. ಹಾಗಾದರೆ 18–19ರ ರಾತ್ರಿಯು ಬಹುಳ ಸಪ್ತಮಿಯ ಆಸುಪಾಸಿನದು. ಸಂಜೆ ಕತ್ತಲೆಯಾಗಿದ್ದು, ನಡುರಾತ್ರಿಗೆ ಸ್ವಲ್ಪ ಮುಂಚೆ ಚಂದ್ರೋದಯವಾಗಿ, ಬೆಳಗಿನವರೆಗೂ ಬೆಳಕಿರುತ್ತದೆ. ಮುಂದುಗಡೆಯ ನೆಲೆಗೆ ದಂಡನ್ನು ಸೇರಿಸಲು ಕತ್ತಲೆಯೂ, ಬಿರುಕನ್ನು ಹತ್ತಲು ಬೆಳಕೂ ಒಂದೇ ರಾತ್ರಿಯಲ್ಲಿ ದೊರೆಯುವ ತಿಥಿ ಇದು. ವರದಿಯ ಮಾತು ನಿಜವಾದುದಷ್ಟೇ ಅಲ್ಲ, ಆ ರಾತ್ರಿಯನ್ನು ಆರಿಸಿದುದರಲ್ಲಿ ವಿವೇಕವಿದ್ದಿತೆಂದೂ ಊಹಿಸಲು ಅವಕಾಶವಿದೆ. ವಿಜಯಿಗಳ ಬರೆವಣಿಗೆಯೆಂದು ಈ ಆಧಾರಗಳನ್ನು ಒಟ್ಟಿಗೇ ತಳ್ಳಿಹಾಕುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಾಲ, ದೂರ, ಫಿರಂಗಿಯ ನೆಲೆ ಮುಂತಾದ ವಿಷಯಗಳಲ್ಲಿ ಅವು ಸಾಮಾನ್ಯವಾಗಿ ನಂಬತಕ್ಕುವು.

ಅವುಗಳ ಕೊರತೆಯು ಬೇರೊಂದು ಕಡೆಯಲ್ಲಿದೆ. ಗಾಯಗೊಂಡ ಯೂರೋಪಿಯನ್ ಅಧಿಕಾರಿಗಳ ಹೆಸರುಗಳು ವರದಿಗಳಲ್ಲಿ ಸಿಕ್ಕುತ್ತವೆ. ಅವರೊಡನೆ ಬಂದ ಸಿಪಾಯಿಗಳು ಅಂಕೆಗಳಾಗಿ ಉಳಿದಿದ್ದಾರೆ. ಗೋಡೆಯ ಮೇಲಿಂದ ಬಂಡೆಗಳನ್ನು ಉರುಳಿಸುತ್ತ ಕಡೆಯವರೆಗೂ ಕಾದಿದ ಮೈಸೂರಿನ ಆಳುಗಳಿಗೆ ಅಂಕೆಯೂ ಸರಿಯಾಗಿ ಇಲ್ಲ. ಮದರಾಸಿನ ಯೂರೋಪಿಯನ್ ರೆಜಿಮೆಂಟು ನಂದಿದುರ್ಗದ ಹೆಸರನ್ನು ತನ್ನ ಯುದ್ಧಗೌರವಗಳಲ್ಲಿ ಸೇರಿಸಿಕೊಂಡಿತು. 1881ರಲ್ಲಿ ಆ ಪಡೆಯು ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಎಂಬ ಐರಿಷ್ ರೆಜಿಮೆಂಟಿನಲ್ಲಿ ಸೇರಿಹೋಗಲು, 1922ರಲ್ಲಿ ಅದು ವಿಸರ್ಜಿತವಾಗುವವರೆಗೂ ಕನ್ನಡನಾಡಿನ ಬೆಟ್ಟವೊಂದರ ಹೆಸರು ದೂರದ ದ್ವೀಪದ ಪಡೆಯೊಂದರ ಗೌರವಚಿಹ್ನೆಯಾಗಿ ಉಳಿಯಿತು. ಆ ಬೆಟ್ಟವನ್ನು ಕಾಯ್ದವರ ಹೆಸರು ಮಾತ್ರ ಬೆಟ್ಟದಲ್ಲಿಯೇ ಉಳಿಯಲಿಲ್ಲ.

ಉಪಸಂಹಾರ

ಮೇಲ್ಕಂಡ ಚರ್ಚೆಯಿಂದ ಈ ಅಂಶಗಳು ಸಿದ್ಧಿಸುತ್ತವೆ. ವೀರಗಲ್ಲುಗಳಲ್ಲಿ ಕಾಲನಿರ್ಣಯಕ್ಕೆ ಹೆಸರೊಂದೇ ಸಾಲದು, ಪಕ್ಷಗಳ ಸಂಬಂಧವನ್ನು ಕೂಡಿಸಿ ನೋಡಬೇಕು. ವಂಶಪರಂಪರೆಯ ಹೇಳಿಕೆಗಳಲ್ಲಿ ಘಟನೆಗಳ ಕ್ರಮವು ಸಾಮಾನ್ಯವಾಗಿ ಸರಿಯಾಗಿದ್ದರೂ, ಅಂಕೆಗಳನ್ನು ಹೊರಗಿನ ಇತಿಹಾಸದೊಡನೆ ಒಂದೊಂದಾಗಿ ಹೋಲಿಸಬೇಕು. ಶಿಡ್ಲಘಟ್ಟದ ವಿಷಯದಲ್ಲಿ 45 ವರ್ಷಗಳು ನಿಲ್ಲುತ್ತವೆ, 1524 ಮತ್ತು 87 ಒಟ್ಟಿಗೆ ನಿಲ್ಲಲಾರವು. ಮುತ್ತಿಗೆಯ ವರದಿಗಳನ್ನು ಪಂಚಾಂಗದಿಂದಲೂ ನೆಲದಿಂದಲೂ ಪರೀಕ್ಷಿಸಬಹುದು. ಪರೀಕ್ಷೆಗೆ ನಿಂತ ಭಾಗವನ್ನು ಸ್ವೀಕರಿಸಿ, ಅವು ಮೌನವಾಗಿರುವ ಕಡೆಯನ್ನು ಮೌನವೆಂದೇ ಗುರುತಿಸಬೇಕು.

ಇನ್ನೊಂದು ಮಾತು. ಒಂಬತ್ತನೆಯ ಶತಮಾನದಲ್ಲಿ ದನಗಳ ಹಿಂಡನ್ನು ಬಿಡಿಸಲು ಹೋಗಿ ಸತ್ತ ಒಬ್ಬ ಊರಾಳಿನ ಹೆಸರು ಇಂದಿಗೂ ಓದಲು ಸಿಕ್ಕುತ್ತದೆ. 1791ರಲ್ಲಿ ನಂದಿಯ ಗೋಡೆಯ ಮೇಲೆ ಸತ್ತವನ ಹೆಸರು ಸಿಕ್ಕುವುದಿಲ್ಲ. ಸಾಮಾನ್ಯನಾದ ಯೋಧನ ಮಟ್ಟಿಗೆ ಹಳೆಯ ಆಧಾರವೇ ಹೊಸದಕ್ಕಿಂತ ಸಮೃದ್ಧವಾಗಿದೆ. ಕೆರೆಯ ಏರಿಗಳಲ್ಲಿಯೂ ಹೊಲದ ಬದುಗಳಲ್ಲಿಯೂ ನಿಂತಿರುವ ಕಲ್ಲುಗಳು ಕಟ್ಟಡದ ಕೆಲಸಕ್ಕೆ ಹೋಗುವ ಮೊದಲೇ, ಸಂಪುಟದಲ್ಲಿ ಅಚ್ಚಾಗಿರುವ ಪಾಠದೊಡನೆ ಹೋಲಿಸಿ, ಅಚ್ಚಾಗದಿರುವುವನ್ನು ಪ್ರತಿಮಾಡಿಕೊಳ್ಳುವುದು ಈ ಸೀಮೆಯ ಶಾಲೆ ಕಾಲೇಜುಗಳ ಅಧ್ಯಾಪಕರಿಂದ ಆಗಬಹುದಾದ ಕೆಲಸ. ಶಿಡ್ಲಘಟ್ಟದ ಇಸವಿಯನ್ನು ತೀರ್ಮಾನಿಸಬಲ್ಲ ಸಾಲು ಅಂಥ ಕಲ್ಲೊಂದರಲ್ಲಿ ದೊರೆತರೂ ದೊರೆಯಬಹುದು.